ಹಳೇ ತಾಮ್ರದ ಚೀಲ ಮತ್ತು ನನ್ನ ತಪಸ್ಸುಕಾಲ

"ಹಂಗೆಲ್ಲ ಮಾಡಿದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಹೋಗ್ಬೇಕಾಗ್ತದೆ" ಅಂತ ಹೋದ ವರ್ಷ ನಾನು ಗಿರಾಕಿಗಳಿಗೆ ಹಳೇ ತಾಮ್ರ ವಾಪಸ್ ಕೊಟ್ಟದ್ದಕ್ಕೆ ಅಂದವರೇ, ಈ ಸಲ ಚರ್ಚಿನಲ್ಲಿ ಬೂದಿ ಬುಧವಾರದ ಪೂಜೆ ಮುಗಿದ ಮೇಲೆ ಪಕ್ಕಕ್ಕೆ ಕರೆದು, "ಹೋದ ವರ್ಷ ಅದೇನು ಮಾಡಿದ್ರಿ, ಸ್ವಲ್ಪ ಹೇಳ್ರಿ" ಅಂದರು. ಹಾಗಾಗಿ ಬರೆಯುತ್ತಿದ್ದೇನೆ. ತಪಸ್ಸುಕಾಲ ಅಂದರೆ ಬೂದಿ ಬುಧವಾರದಿಂದ ಈಸ್ಟರ್‌ಗೆ ಮುಂಚಿನವರೆಗಿನ ಉಪವಾಸ, ಪ್ರಾರ್ಥನೆಯ ಕಾಲ; ಉಪವಾಸ ಯಾವತ್ತು, ಮಾಂಸ ಯಾವತ್ತು ಬಿಡಬೇಕು ಅನ್ನೋದೆಲ್ಲ ನಮ್ಮ ಕಥೋಲಿಕರಿಗೆ ಗೊತ್ತಿರುವುದೇ. ನಾನು ಹೇಳಬೇಕಾದ್ದು ಒಂದೇ: ದೇವರ ಅಧಿಕಾರಕ್ಕೆ ಒಳಪಡುತ್ತೇನೆ ಅಂತ ಪ್ರತಿ ವರ್ಷ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವಲ್ಲ, ಅದನ್ನು ದಾವಣಗೆರೆಯಂಥ ವ್ಯಾಪಾರದ ಊರಲ್ಲಿ ನಿಜವಾಗಿ ಮಾಡಲು ಬರುತ್ತದೆ. ನಾನು ಮಾಡಿದ್ದೇನೆ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿನ ತಾಮ್ರದ ತಂತಿ ತೆಗೆದು ಹೊಸದು ಸುತ್ತುವ ಕೆಲಸ, ಇಪ್ಪತ್ತು ವರ್ಷದ ಮೇಲಾಯಿತು. ಬೋರ್‌ವೆಲ್ ಮೋಟಾರ್ ಸುಡುವುದು ಬೇಸಿಗೆಯಲ್ಲಿ. ನೀರು ಕೆಳಗಿಳಿದಿರುತ್ತದೆ, ವೋಲ್ಟೇಜ್ ಇರುವುದಿಲ್ಲ, ಕೆಲವು ಸಲ ಕರೆಂಟಿನ ಮೂರು ಫೇಸಿನಲ್ಲಿ ಎರಡೇ ಬರುತ್ತದೆ. ಜಗಳೂರು, ಮಾಯಕೊಂಡ, ಆನಗೋಡು ಕಡೆಯಿಂದ ಟಂಟಂನಲ್ಲಿ ಹಾಕಿಕೊಂಡು ಬರುತ್ತಾರೆ. ನಮ್ಮ ಸೀಸನ್ ಮತ್ತು ತಪಸ್ಸುಕಾಲ ಒಂದರ ಮೇಲೊಂದು ಬೀಳುತ್ತವೆ. 2025ರಲ್ಲಿ ಬೂದಿ ಬುಧವಾರ ಮಾರ್ಚ್ 5ಕ್ಕೆ, ಈಸ್ಟರ್ ಏಪ್ರಿಲ್ 20ಕ್ಕೆ. ವರ್ಷದ ಅರ್ಧ ದುಡಿಮೆ ಆ ವಾರಗಳಲ್ಲೇ.

ಅದಕ್ಕೆ ಮುಂಚೆ ಹಿಡಿದ ದಾರಿಗಳು ಒಂದೂ ಫಲ ಕೊಡಲಿಲ್ಲ. ಒಂದು ವರ್ಷ ಮಾಂಸ, ಮೀನು, ಮೊಟ್ಟೆ ಪೂರ್ತಿ ಬಿಟ್ಟೆ. ಹೊಟ್ಟೆ ಮಾತು ಕೇಳಿತು, ನಾಲಿಗೆ ಕೇಳಲಿಲ್ಲ. ಅಂಗಡಿ ಹುಡುಗರ ಮೇಲೆ ರೇಗುವುದು ದುಪ್ಪಟ್ಟಾಯಿತು. ಇನ್ನೊಂದು ವರ್ಷ ಹತ್ತು ಸಾವಿರ ಚಿಲ್ಲರೆ ದಾನ ಕೊಟ್ಟೆ. ಮತ್ತೊಂದು ವರ್ಷ ಪ್ರತಿಯೊಂದು ತೀರ್ಮಾನಕ್ಕೂ ಪ್ರಾರ್ಥನೆ ಮಾಡಿ, ಮನಸ್ಸಿಗೆ ಸಮಾಧಾನ ಬರುವವರೆಗೆ ಕಾಯುವುದು ಅಂತ ಇಟ್ಟುಕೊಂಡೆ. ತೋಟ ಒಣಗುತ್ತಿರುವ ರೈತನಿಗೆ "ನಾಳೆ ಹೇಳ್ತೀನಿ" ಅಂದರೆ ನಿಲ್ಲುತ್ತಾನಾ? ಹದಿನೈದೋ ಹದಿನಾರೋ ಮೋಟಾರ್ ಬೇರೆ ಅಂಗಡಿಗೆ ಹೋದವು, ಮೂವತ್ತು ಸಾವಿರದಷ್ಟು ಕೈಬಿಟ್ಟಿತು. ಅಷ್ಟಾಗಿ ಬಂದ ಸಮಾಧಾನವೂ ನಾನು ಮೊದಲೇ ಬಯಸಿದ್ದ ಕಡೆಗೇ ಬರುತ್ತಿತ್ತು. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟು ನೋಡುವುದನ್ನೂ ಮಾಡಿದೆ. ಹೊಂದದ ವಚನ ಬಂದರೆ ಇನ್ನೊಮ್ಮೆ ತೆರೆಯುತ್ತೇವೆ, ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಇವೆಲ್ಲದರಲ್ಲೂ ಏನು ಬಿಡಬೇಕು, ಎಷ್ಟು ಕೊಡಬೇಕು, ಯಾವಾಗ ಅನ್ನುವ ಹಗ್ಗ ನನ್ನ ಕೈಯಲ್ಲೇ ಇತ್ತು. ಯಜ್ಞಕ್ಕಿಂತ ಮಾತು ಕೇಳುವುದು ಮೇಲು ಅಂತ ಬೈಬಲಿನಲ್ಲಿ ಪ್ರವಾದಿ ಸಮುವೇಲನು ರಾಜ ಸೌಲನಿಗೆ ಹೇಳಿದ್ದು ಇದನ್ನೇ.

ದಾರಿ ಸಿಕ್ಕಿದ್ದು ಯೇಸುವಿನ ಹತ್ತಿರ ಬಂದ ಶತಾಧಿಪತಿಯಿಂದ, ಅಂದರೆ ರೋಮ್ ಸೈನ್ಯದ ಅಧಿಕಾರಿಯಿಂದ. ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಸ್ವೀಕರಿಸುವ ಮುಂಚೆ "ನಾನು ಯೋಗ್ಯನಲ್ಲ, ಒಂದು ಮಾತು ಹೇಳಿದರೆ ಸಾಕು" ಅಂತ ನಾವೆಲ್ಲ ಹೇಳುವುದು ಅವನ ಮಾತೇ, ಬೈಬಲಿನ ಮತ್ತಾಯ 8ನೇ ಅಧ್ಯಾಯದ್ದು. ಅದರ ಮುಂದಿನ ಮಾತನ್ನು ನಾವು ಪೂಜೆಯಲ್ಲಿ ಹೇಳುವುದಿಲ್ಲ: ನಾನೂ ಅಧಿಕಾರಕ್ಕೆ ಒಳಪಟ್ಟವನು, ನನ್ನ ಕೈಕೆಳಗೂ ಆಳುಗಳಿದ್ದಾರೆ, ಹೋಗು ಅಂದರೆ ಹೋಗುತ್ತಾನೆ, ಬಾ ಅಂದರೆ ಬರುತ್ತಾನೆ. ನನ್ನ ಕೈಕೆಳಗೂ ನಾಲ್ಕು ಹುಡುಗರಿದ್ದಾರೆ. ಹೋಗು ಅಂದರೆ ಹೋಗುತ್ತಾರೆ. ನನಗೆ ಹೋಗು ಅನ್ನುವವರು ಯಾರೂ ಇರಲಿಲ್ಲ.

ಅಲ್ಲಿಂದ ಮೂರು ವಿಷಯ ಕಟ್ಟಿಕೊಂಡೆ. ಒಪ್ಪಿಸುವುದು ಒಂದೇ ಜಾಗವನ್ನು, ಅದೂ ನನ್ನನ್ನು ಕೇಳುವವರೇ ಇಲ್ಲದ ಜಾಗವನ್ನು: ಅಂಗಡಿಯ ದುಡ್ಡು. ಆಜ್ಞೆ ನನ್ನ ಆಯ್ಕೆಯದಾಗಿರಬಾರದು. ಧರ್ಮಸಭೆ ಆ ದಿನದ ಪೂಜೆಗೆ ಗೊತ್ತುಮಾಡಿದ ಶುಭಸಂದೇಶದ (ಯೇಸುವಿನ ಜೀವನ, ಬೋಧನೆಯ) ವಾಚನದಲ್ಲಿ ಮಾಡು ಅಂತ ಏನಿದೆಯೋ ಅದನ್ನು ರಾತ್ರಿ ಊಟಕ್ಕೆ ಮುಂಚೆ ಅಂಗಡಿಯಲ್ಲಿ ಮಾಡಿರಬೇಕು. ಮತ್ತೆ ಯಾರಾದರೂ ಕೇಳುವವರಿರಬೇಕು. ಪಾಪನಿವೇದನೆಯ ಹೊತ್ತಲ್ಲಿ ಗುರುಗಳಿಗೆ ಹೇಳಿದೆ. ಪ್ರತಿ ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಬಿಲ್ ಬುಕ್ಕಿನ ಹಿಂದಿನ ಹಾಳೆ ತೋರಿಸುವುದು ಅಂತಾಯಿತು.

ಮೊದಲ ವಾರದ ಶುಕ್ರವಾರ, ಮಾರ್ಚ್ 14, ಮತ್ತಾಯ 5: ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಸಹೋದರನ ಜೊತೆ ರಾಜಿಯಾಗು. ಅಂಗಡಿ ಶುರುವಿನಲ್ಲಿ ಪಾಲುದಾರನಾಗಿದ್ದ ನನ್ನ ಭಾವನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವತ್ತು ಹೋಳಿ, ರಾಂ ಅಂಡ್ ಕೋ ಸರ್ಕಲ್ ಕಡೆ ರಸ್ತೆಯೆಲ್ಲ ಬಣ್ಣ. ಸಂಜೆ ನಿಟ್ಟುವಳ್ಳಿಗೆ ಹೋದೆ. ಅಕ್ಕ ಚಾ ಕೊಟ್ಟಳು, ಭಾವ ಟಿವಿಯಿಂದ ಮುಖ ತಿರುಗಿಸಲಿಲ್ಲ. ಹಾಳೆಯಲ್ಲಿ "ಹೋದೆ" ಅಂತಷ್ಟೇ ಬರೆದೆ. ಗುರುಗಳು, "ಹೋಗು ಅಂದ್ರು, ಹೋದ್ರಿ. ಅಷ್ಟೇ ನಿಮ್ಮ ಕೆಲಸ" ಅಂದರು.

ದೊಡ್ಡ ಪೆಟ್ಟು ಬಿದ್ದದ್ದು ಮುಂದಿನ ಶುಕ್ರವಾರ. ಮತ್ತಾಯ 21, ದ್ರಾಕ್ಷಿತೋಟದ ಗೇಣಿದಾರರು. ತೋಟ ಅವರದಲ್ಲ, ಆದರೆ ಯಜಮಾನ ದೂರದಲ್ಲಿದ್ದಾನೆ. ಪಾಲು ಕೇಳಲು ಬಂದ ಆಳುಗಳನ್ನು ಹೊಡೆದರು, ಕೊನೆಗೆ ಮಗನನ್ನೇ ಕೊಂದರು. ಕೇಳುತ್ತಿದ್ದಂತೆ ನನ್ನ ಬೆಂಚಿನ ಕೆಳಗಿನ ಚೀಲ ಕಣ್ಮುಂದೆ ಬಂತು. ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಟ್ಟ ಮೋಟಾರಿನ ಸ್ಟೇಟರಿನಿಂದ, ಅಂದರೆ ತಂತಿ ಸುತ್ತಿರುವ ಭಾಗದಿಂದ, ಎಳೆದು ತೆಗೆದ ಹಳೇ ತಾಮ್ರ ಅಂಗಡಿಯವನದು ಅನ್ನುವುದು ರೂಢಿ. ರೈತ ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಏಳೂವರೆ ಎಚ್‌ಪಿ ಮೋಟಾರಿನಿಂದ ಮೂರು ಕೆಜಿ ಚಿಲ್ಲರೆ ಬರುತ್ತದೆ. ಗುಜರಿಯವರು ತಂತಿಯ ಪ್ಲಾಸ್ಟಿಕ್ ಹೊದಿಕೆಯ ತೂಕ ಕಳೆದು ಆಗ, 2025ರಲ್ಲಿ, ಕೆಜಿಗೆ ಆರುನೂರರ ಆಸುಪಾಸು ಕೊಡುತ್ತಿದ್ದರು. ಸೀಸನ್ನಿಗೆ ಎಪ್ಪತ್ತು ಎಂಬತ್ತು ಸಾವಿರ ಆ ಚೀಲದಲ್ಲೇ ಬರುತ್ತಿತ್ತು. ಮಕ್ಕಳ ಸ್ಕೂಲ್ ಫೀಸು ಅದರಿಂದಲೇ ಹೋಗುತ್ತಿತ್ತು.

ಮರುದಿನ ಜಗಳೂರು ಕಡೆಯ ಒಬ್ಬ ಹಿರಿಯರು ಮೋಟಾರ್ ಒಯ್ಯಲು ಬಂದರು. ಕರಗಿ ಕಪ್ಪಾದ ತಂತಿಯ ಕಟ್ಟು ತಕ್ಕಡಿಗೆ ಹಾಕಿ, "ಯಜಮಾನ್ರೇ, ಇದು ನಿಮ್ದು. ಒಯ್ತೀರೋ, ಬಿಲ್ಲಲ್ಲಿ ಕಳೀಲೋ?" ಅಂದೆ. ಅವರು ತಂತಿಯ ಒಂದು ಎಳೆ ಬೆರಳಿಗೆ ಸುತ್ತಿ, ಉಗುರಿಂದ ಕೆರೆದು ಕೆಂಪು ನೋಡಿದರು. ಆಮೇಲೆ ಮೋಟಾರ್ ಕಡೆ ತಿರುಗಿ, "ಯಾಕ್ರೀ ಸಾವ್ಕಾರ್ರೇ, ಇದು ಇನ್ ಓಡಂಗಿಲ್ಲೇನು?" ಅಂದರು. ಏನೋ ಮೋಸವಿದೆ ಅಂತಲೇ ಅವರ ಅನುಮಾನ. ಟ್ಯಾಂಕಿಗಿಳಿಸಿ ಓಡಿಸಿ, ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೀಟರಿನಲ್ಲಿ ಆಂಪ್ಸ್ ತೋರಿಸಿ, ಬಿಲ್ಲಿನಲ್ಲಿ ಹದಿನೆಂಟು ನೂರು ಕಳೆದ ಮೇಲೆಯೇ ನಂಬಿದ್ದು.

ಸುದ್ದಿ ಹಬ್ಬಿತು. ಅಕ್ಕಪಕ್ಕದ ವೈಂಡರುಗಳು "ನೀವು ಕೊಟ್ರೆ ನಮ್ಮತ್ರಾನೂ ಕೇಳ್ತಾರೆ" ಅಂತ ಸಿಟ್ಟಾದರು. ಧರ್ಮಕೇಂದ್ರದ ಹಿರಿಯರೊಬ್ಬರು, "ದಾನಧರ್ಮ ಮಾಡ್ರಿ ಸಾಕು, ವ್ಯಾಪಾರಕ್ಕೆ ದೇವ್ರನ್ನ ಎಳೀಬ್ಯಾಡ್ರಿ" ಅಂದರು. ಮನೆಯವಳು ಕೇಳಿದ್ದು ಒಂದೇ ಮಾತು: "ಫೀಸಿಗೆ?" ಉತ್ತರ ಇರಲಿಲ್ಲ. ಮುಂದಿನ ಶುಕ್ರವಾರ ಗುರುಗಳಿಗೆ ಅದನ್ನೇ ಹೇಳಿದೆ. "ನಿಮ್ಮ ಕೂಲಿ ನ್ಯಾಯವಾಗಿ, ಬಾಯಿಬಿಟ್ಟು ಕೇಳಿ" ಅಂದರು. ಕೂಲಿ ಮುನ್ನೂರು ಏರಿಸಿ, ಎಚ್‌ಪಿವಾರು ರೇಟು ಬೋರ್ಡಿನ ಮೇಲೆ ಬರೆಸಿದೆ. ಮುಂಚೆ ಗಿರಾಕಿಯ ಮೊಬೈಲು, ಪಂಚೆ ನೋಡಿ ರೇಟು ಹೇಳುವುದಿತ್ತು. ಅದೂ ಅಲ್ಲಿಗೇ ನಿಂತಿತು.

ಮಾರ್ಚ್ 25, ಯೇಸುವಿನ ಜನನದ ಸುದ್ದಿಯನ್ನು ದೇವದೂತ ಮರಿಯಮ್ಮನವರಿಗೆ ತಂದ ಸಂದೇಶದ ಹಬ್ಬ. "ನಿಮ್ಮ ಮಾತಿನಂತೆಯೇ ನನಗಾಗಲಿ" ಅಂದ ಮರಿಯಮ್ಮನವರಿಗೆ ಮುಂದೇನಾಗುತ್ತದೆ ಅಂತ ಯಾರೂ ಲೆಕ್ಕ ಕೊಟ್ಟಿರಲಿಲ್ಲ. ಅವತ್ತು ಚೀಲವನ್ನೇ ಖಾಲಿ ಮಾಡಿದೆ. ಆ ಸೀಸನ್ನಿನ ಹಳೇ ಬಿಲ್ ತೆಗೆದು ಫೋನ್ ನಂಬರ್ ಇದ್ದವರಿಗೆಲ್ಲ ಹುಡುಗರ ಕೈಲಿ ಫೋನ್ ಮಾಡಿಸಿದೆ. ಅರ್ಧದಷ್ಟು ಜನ ಬಂದರು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಒಂದು ನಸುಕಿನಲ್ಲಿ ಜಪಸರ ಹಿಡಿದು ಹರಿಹರದ ಆರೋಗ್ಯ ಮಾತೆಯ ಗುಡಿಗೆ ನಡೆದೆ, ಹದಿನಾಲ್ಕು ಕಿಲೋಮೀಟರ್ ಇದ್ದೀತು. ತುಂಬ ಒಳ್ಳೆಯದು, ಮನಸ್ಸು ಹಗುರಾಗುತ್ತದೆ. ಆದರೆ ಅದು ನಾನಾಗಿ ಹೊರಟದ್ದು. ಅದನ್ನು ಕೃತಜ್ಞತೆಯ ಲೆಕ್ಕಕ್ಕೆ ಹಾಕುತ್ತೇನೆ, ವಿಧೇಯತೆಯ ಲೆಕ್ಕಕ್ಕಲ್ಲ. ಇನ್ನೊಂದು, ನಾನು ರೇಗಲು ಶುರು ಮಾಡಿದರೆ ಹಿರಿಯ ಹುಡುಗ ಒಂದು ಪದ ಹೇಳಬೇಕು, ಹೇಳಿದ ಕೂಡಲೇ ನಾನು ಬಾಯಿ ಮುಚ್ಚಬೇಕು. ಇದು ಬಹಳ ಚೆನ್ನಾಗಿ ಕೆಲಸ ಮಾಡಿತು. ಆ ಪದ ಯಾವುದು ಅಂತ ಬರೆಯುವುದಿಲ್ಲ, ಗಿರಾಕಿಗಳಿಗೆ ಗೊತ್ತಾದರೆ ಅದರ ಬಲ ಹೋಗುತ್ತದೆ. ಗುಜರಿಯವರ ಜೊತೆ ತೂಕದ ವಿಷಯ ಹೇಗೆ ಬಗೆಹರಿಸಿಕೊಂಡೆ ಅನ್ನುವುದನ್ನೂ ಇಲ್ಲಿ ಬಿಡುತ್ತೇನೆ. ಕಸುಬಿನವರು ಅಂಗಡಿಗೆ ಬಂದರೆ ಹೇಳಿಕೊಡುತ್ತೇನೆ.

ದುಡ್ಡಿನ ಮಾತು. ವಾಪಸ್ ಹೋದದ್ದು ಅರವತ್ತು ಸಾವಿರದ ಮೇಲೆ. ಏರಿಸಿದ ಕೂಲಿ, ಹೊಸದಾಗಿ ಬಂದ ಗಿರಾಕಿಗಳನ್ನೆಲ್ಲ ಸೇರಿಸಿದರೂ ಸೀಸನ್ ಕೊನೆಗೆ ಇಪ್ಪತ್ತು ಇಪ್ಪತ್ತೈದು ಸಾವಿರ ಕಡಿಮೆ ಬಿತ್ತು. ದೇವರು ಇಮ್ಮಡಿ ಕೊಟ್ಟರು ಅಂತ ಸಾಕ್ಷಿ ಹೇಳಲಾರೆ, ಕೊಟ್ಟಿಲ್ಲ. ಫೀಸು ಎರಡು ಕಂತಲ್ಲಿ ಕಟ್ಟಿದೆ. ಆದರೆ ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ ಲೂಕನ ಪಾಡು, ಅಂದರೆ ಯೇಸುವಿನ ಯಾತನೆ, ಮರಣದ ವೃತ್ತಾಂತ, ಓದುವಾಗ, "ನನ್ನ ಚಿತ್ತವಲ್ಲ, ನಿಮ್ಮ ಚಿತ್ತವೇ ನೆರವೇರಲಿ" ಅನ್ನುವಲ್ಲಿ ನಾನು ಮೊದಲ ಸಲ ತಲೆ ತಗ್ಗಿಸದೆ ಕೇಳಿದೆ. ಶುಭ ಶುಕ್ರವಾರ ಯೊವಾನ್ನರ ಪಾಡಿನಲ್ಲಿ ರೋಮ್ ಅಧಿಪತಿ ಪಿಲಾತ ನನಗೆ ಅಧಿಕಾರವಿದೆ ಅಂತ ಜೋರು ಮಾಡಿದಾಗ, ಅದು ಮೇಲಿನಿಂದ ಕೊಟ್ಟದ್ದು ಅನ್ನುತ್ತಾರೆ ಯೇಸು. ಗಲ್ಲಾದ ಮೇಲೆ ಕೂರುವ ನಮ್ಮಂಥವರು ಆ ಮಾತನ್ನು ನಿಧಾನವಾಗಿ ಓದಬೇಕು.

ಈಸ್ಟರ್ ಆದ ಮೇಲೂ ಬೋರ್ಡು ಇಳಿಸಿಲ್ಲ. ತಾಮ್ರ ಈಗಲೂ ತೂಗಿ ಕೊಡುತ್ತೇವೆ. ನಮ್ಮ ಸಾಲಿನ ಇನ್ನೊಂದು ಅಂಗಡಿಯೂ ಶುರು ಮಾಡಿದೆ, ನನ್ನಿಂದ ಅಂತ ಅವರು ಒಪ್ಪುವುದಿಲ್ಲ, ಇರಲಿ. ಈ ವರ್ಷ, 2026ರಲ್ಲಿ, ಬೂದಿ ಬುಧವಾರ ಫೆಬ್ರವರಿ 18ರಿಂದ ಒಪ್ಪಿಸಿರುವುದು ಉದ್ರಿ ಪುಸ್ತಕವನ್ನು. ಅದರಲ್ಲಿ ಒಂದೂಕಾಲು ಲಕ್ಷದ ಬಾಕಿ ಇದೆ, ಕೆಲವರದು ಬೆಳೆ ಹೋದ ಬಾಕಿ, ಕೆಲವರದು ಬೇಕಂತಲೇ ಇಟ್ಟುಕೊಂಡದ್ದು. ಯಾವುದನ್ನು ಬಿಡಬೇಕು, ಯಾವುದನ್ನು ಕೇಳಬೇಕು ಅಂತ ನಾನೇ ತೀರ್ಮಾನ ಮಾಡುವಂತಿಲ್ಲ ಅನ್ನುವುದೇ ಈ ಸಲದ ಕಷ್ಟ. ಮೊದಲ ವಾರದ ಶುಕ್ರವಾರ ಮತ್ತೆ ಮತ್ತಾಯ 5 ಬಂತು, ಮತ್ತೆ ನಿಟ್ಟುವಳ್ಳಿಗೆ ಹೋದೆ. ಈ ಸಲ ಭಾವ ಟಿವಿ ಆರಿಸಿ, ಹಳೇ ಪಾಲುದಾರಿಕೆಯ ಲೆಕ್ಕದ ಪುಸ್ತಕ ತಂದು ಮುಂದಿಟ್ಟರು. ಅದರ ಪ್ರಕಾರ ನಾನು ಅವರಿಗೆ ಹನ್ನೊಂದು ಸಾವಿರ ಕೊಡಬೇಕು. ಈಸ್ಟರ್ ಏಪ್ರಿಲ್ 5ಕ್ಕೆ. ಅದಕ್ಕೆ ಮುಂಚೆ ಕೊಡುತ್ತೇನೆ ಅಂತ ಹೇಳಿ ಬಂದಿದ್ದೇನೆ, ಅರ್ಧ ಆಗಲೇ ಹೊಂದಿಸಿಟ್ಟಿದ್ದೇನೆ.