ಶಹಾಬಾದಿ ಪರಸಿ, ಟ್ಯೂಬ್‌ಲೈಟ್, ಕ್ವೆಸ್ಟ್ 2

ಕಲಬುರಗಿಯಲ್ಲಿ ಮೆಟಾ ಕಂಪನಿಯ ಕ್ವೆಸ್ಟ್ 2 ಎಂಬ ವಿಆರ್ ಹೆಡ್‌ಸೆಟ್ (ತಲೆಗೆ ಕಟ್ಟಿಕೊಂಡು ಕಾಲ್ಪನಿಕ ಲೋಕ ನೋಡುವ ಸಾಧನ) ಹೊಂದಿಸಿಕೊಡುವಾಗ, ಒಳಗೆ ಕಾಣುವ ದೃಶ್ಯ ಅಲುಗಾಡಿದವರಿಂದ ಹೆಚ್ಚು ಕೇಳುವ ಮಾತು: ‘ಇದು ಕೆಟ್ಟದೇನ್ರೀ, ನೆಲಾನೇ ಜಾರ್ತದ!’ ನಾನು ಹೆಡ್‌ಸೆಟ್ ಮುಟ್ಟುವ ಮುಂಚೆ ಕೋಣೆ ನೋಡುತ್ತೇನೆ.

ಹೆಡ್‌ಸೆಟ್‌ನ ನಾಲ್ಕು ಕ್ಯಾಮೆರಾಗಳು ಕೋಣೆಯ ಮೂಲೆ, ಅಂಚು, ಚಿತ್ತಾರಗಳನ್ನು ಗುರುತಿಟ್ಟುಕೊಂಡು ತಲೆ ಎಲ್ಲಿದೆಯೆಂದು ಲೆಕ್ಕ ಹಾಕುತ್ತವೆ. ನಮ್ಮಲ್ಲಿ ನೆಲವೆಲ್ಲ ಒಂದೇ ಬೂದುಬಣ್ಣದ ಪರಸಿ (ಹಾಸುಗಲ್ಲು), ಗೋಡೆ ಬೋಳು ಬಿಳಿ. ಪಾಲಿಶ್ ಹೊಡೆಸಿದ ಪರಸಿಯಾದರೆ ಇನ್ನೂ ಕಷ್ಟ: ಅದರಲ್ಲಿ ಮೂಡುವ ಕಿಟಕಿಯ ಪ್ರತಿಬಿಂಬ ನಾವು ನಡೆದಂತೆ ತಾನೂ ಸರಿಯುತ್ತದೆ, ಕ್ಯಾಮೆರಾ ಅದನ್ನೇ ಸ್ಥಿರ ಗುರುತೆಂದು ನಂಬುತ್ತದೆ. ಪಟ್ಟೆಯ ಜಮಖಾನೆ ಹಾಸಿ, ಗೋಡೆಗೆ ಎರಡು ಕ್ಯಾಲೆಂಡರ್ ತೂಗುಹಾಕಿ, ನಿಲುವುಗನ್ನಡಿಗೆ ಬಟ್ಟೆ ಹೊದಿಸಿ, ಬೌಂಡರಿ (ಆಡುವ ಜಾಗದ ಗಡಿ) ಹೆಡ್‌ಸೆಟ್‌ನಲ್ಲಿ ಹೊಸದಾಗಿ ಎಳೆಯಿರಿ. ಜಾರುವುದು ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತದೆ.

ಉಳಿದದ್ದು ಬೆಳಕಿನ ಕಾಟ. ನಮ್ಮ ಕರೆಂಟು 50 ಹರ್ಟ್ಜ್. ಹಳೆ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕ್ಯಾಮೆರಾ ಅದಕ್ಕೆ ಹೊಂದಿಕೊಳ್ಳದಿದ್ದರೆ ಗುರುತು ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ ಆಟೋ ಇದ್ದರೆ 50ಕ್ಕೆ ಕೂರಿಸಿ. ಅಗ್ಗದ ಎಲ್‌ಇಡಿ ಬಲ್ಬನ್ನೂ ಫೋನಿನ ಸ್ಲೋ ಮೋಷನ್‌ನಲ್ಲಿ ನೋಡಿ. ಬೆಳಕು ಬಡಿದುಕೊಳ್ಳುತ್ತಿದ್ದರೆ ಬಲ್ಬೇ ಬದಲಿಸಿ.

ಚಿತ್ರ ಮಸುಕಾಗಿದ್ದರೆ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಿರಿ. ಕನ್ನಡಕದ ಚೀಟಿಯಲ್ಲಿ ಪಿ.ಡಿ. ಎಂದಿರುವ ಅಂಕಿಯೇ ಅದು. ಕ್ವೆಸ್ಟ್ 2ರ ಲೆನ್ಸ್‌ಗೆ ಮೂರೇ ಜಾಗ: 58, 63, 68 ಮಿಲಿಮೀಟರ್. 61ರವರೆಗೆ ಮೊದಲನೆಯದು, 66ರ ಮೇಲೆ ಕೊನೆಯದು, ನಡುವಿನವರಿಗೆ ನಡುವಿನದು. ಎರಡೂ ಕಣ್ಣಿಗೆ ಒಂದೇ ಎಲ್‌ಸಿಡಿ ಆದ್ದರಿಂದ 68ರಲ್ಲಿ ಅಂಚಿನ ಚಿತ್ರ ಕೊಂಚ ಕತ್ತರಿಸಿಹೋಗುತ್ತದೆ. ಕ್ವೆಸ್ಟ್ 3ರಲ್ಲಿ ಗಾಲಿ ತಿರುಗಿಸಿ ಲೆನ್ಸನ್ನು ಬೇಕಾದಲ್ಲಿ ನಿಲ್ಲಿಸಬಹುದು. ಕನ್ನಡಕದವರಿಗೆ ಅದೇ ವಾಸಿ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರದ ಸುತ್ತ ಕಾಣುವ ಬೆಳಕಿನ ಗೆರೆ ಮಾತ್ರ ಕ್ವೆಸ್ಟ್ 2ರಲ್ಲಿರುವ ಫ್ರೆನೆಲ್ (ಉಂಗುರ ಉಂಗುರವಾಗಿ ಕೊರೆದ) ಲೆನ್ಸಿನ ಗುಣ, ಯಾವ ಸೆಟ್ಟಿಂಗೂ ಅದನ್ನು ಅಳಿಸದು. ಅದನ್ನು ಒರೆಸಿ ತೆಗೆಯಲು ಹೋಗಿ ಸ್ಪಿರಿಟ್ ಹಚ್ಚಬೇಡಿ, ಒಣ ಮೈಕ್ರೋಫೈಬರ್ ಬಟ್ಟೆ ಸಾಕು.

ಕಂಪ್ಯೂಟರಿನ ಆಟ ವೈಫೈ ಮೇಲೆ ತಡೆತಡೆದು ಬಂದರೆ ಕಂಪ್ಯೂಟರನ್ನು ಕೇಬಲ್‌ನಿಂದ ರೌಟರಿಗೆ ಜೋಡಿಸಿ, ಹೆಡ್‌ಸೆಟ್ ಒಂದನ್ನೇ 5 ಗಿಗಾಹರ್ಟ್ಜ್ ವೈಫೈಗೆ ಬಿಡಿ. ರೌಟರ್ ಅದೇ ಕೋಣೆಯಲ್ಲಿರಲಿ. ಪರದೆ 90 ಹರ್ಟ್ಜ್‌ನಲ್ಲಿದ್ದರೆ, ಅಂದರೆ ಸೆಕೆಂಡಿಗೆ 90 ಚಿತ್ರ ತೋರಿಸಿದರೆ, ಒಂದು ಚಿತ್ರಕ್ಕೆ ಸಿಗುವುದು 11 ಮಿಲಿಸೆಕೆಂಡು, 72ರಲ್ಲಿ ಸುಮಾರು 14. ಹಳೆ ಗ್ರಾಫಿಕ್ಸ್ ಕಾರ್ಡಿಗೆ 72 ಇಟ್ಟರೆ ತಲೆಸುತ್ತು ಕಡಿಮೆ.

ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ 120 ಹರ್ಟ್ಜ್ ಆಸೆ ಬಿಡಿ. ಚಾರ್ಜಿಗೆ ಹಾಕಿಕೊಂಡೇ ಆಡಿದರೆ ಕಾವು ಇನ್ನೂ ಏರುತ್ತದೆ, ಚಿತ್ರ ಎಳೆದಾಡುತ್ತದೆ. ಆಟ ಮುಗಿದ ಮೇಲೆ ಹೆಡ್‌ಸೆಟ್ಟನ್ನು ಕಿಟಕಿ ಕಟ್ಟೆಯ ಮೇಲಂತೂ ಇಡಬೇಡಿ: ಲೆನ್ಸಿನೊಳಗೆ ಬಿಸಿಲು ಕೆಲವೇ ಕ್ಷಣ ಬಿದ್ದರೂ ಪರದೆ ಸುಟ್ಟು ಕಲೆ ಉಳಿಯುತ್ತದೆ, ಅದಕ್ಕೆ ರಿಪೇರಿ ಎಂದರೆ ಪರದೆ ಬದಲಿಸುವುದೇ.