ಆಫೀಸಿನ ಮೇಲ್ ಸಾಗಿಸುವ ಮೊದಲು ಪ್ರಿಂಟರ್ ವಿಚಾರಿಸಿ

ಕಂಪನಿಗಳಿಗೆ ಇಮೇಲ್ ಹೋಸ್ಟಿಂಗ್ ಕೊಡುವ ಕಡೆ ನನ್ನ ಕೆಲಸ, ಅದರಲ್ಲೂ ಮೈಗ್ರೇಶನ್ ಡೆಸ್ಕ್‌ನಲ್ಲಿ. ಬೇರೆಲ್ಲೋ ಇರುವ ಮೇಲ್‌ಬಾಕ್ಸ್‌ಗಳನ್ನು ನಮ್ಮ ಸರ್ವರ್‌ಗೆ ತಂದು ಕೂರಿಸುತ್ತೇನೆ. ನಮ್ಮನ್ನು ಬಿಟ್ಟು ಹೋಗುವವರಿಗೂ ಗಂಟುಮೂಟೆ ಕಟ್ಟಿಕೊಡುತ್ತೇನೆ, ಮುಖ ಸಿಂಡರಿಸದೆ. ಸೇರಿದ ಹೊಸದರಲ್ಲಿ ನಾನು ಪ್ಲಾನ್ ಬರೆದು ಒಯ್ದಾಗಲೆಲ್ಲ ನಮ್ಮ ಟೀಮ್ ಲೀಡ್ ಮೇಡಂ ಅದನ್ನು ಓದುವ ಮೊದಲೇ ಕೇಳುತ್ತಿದ್ದರು: “ಪ್ರಿಂಟರ್ ವಿಚಾರಿಸಿದ್ಯೇನಪ್ಪಾ?”

ಮೇಲ್‌ಗೂ ಪ್ರಿಂಟರ್‌ಗೂ ಏನು ಸಂಬಂಧ ಅಂತ ಆಗ ನನಗೆ ಹೊಳೆದಿರಲಿಲ್ಲ. 40 ಜನರ ಒಂದು ಆಫೀಸನ್ನು ಶನಿವಾರ ಸಾಗಿಸಿ ಮುಗಿಸಿದೆ. ಸೋಮವಾರ ಬೆಳಿಗ್ಗೆ ಮೊದಲ ಫೋನ್ ಅಲ್ಲಿಂದಲೇ. “ಸರ್, ಮೇಲ್ ಎಲ್ಲ ಚೆನ್ನಾಗಿದೆ, ಸ್ಕ್ಯಾನ್ ಮಾಡಿದ್ದು ಮಾತ್ರ ಯಾರಿಗೂ ಬರ್ತಿಲ್ಲ.” ಮೂಲೆಯಲ್ಲಿದ್ದ ಆ ಯಂತ್ರ ಸ್ಕ್ಯಾನ್ ಮಾಡಿದ ಕಾಗದಗಳನ್ನು ಹಳೇ ಸರ್ವರ್ ಮೂಲಕ ಮೇಲ್ ಮಾಡುತ್ತಿತ್ತು. ಅದನ್ನು ಸೆಟ್ ಮಾಡಿದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು, ಅದರ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಮೇಡಂ ಏನೂ ಹೇಳಲಿಲ್ಲ, ನನ್ನ ಕಡೆ ತಿರುಗಿ ನೋಡಿದರು, ಅಷ್ಟೇ.

ನಿಮ್ಮ ಆಫೀಸಿನ ಮೇಲ್ ಬದಲಿಸುವ ಜವಾಬ್ದಾರಿ ನಿಮ್ಮ ತಲೆಗೆ ಬಂದಿದ್ದರೆ, ನಾನು ಈಗ ಮಾಡುವ ಕ್ರಮ ಇದು.

ನಿಮ್ಮ ಹೆಸರಲ್ಲಿ ಯಾರ್ಯಾರು ಮೇಲ್ ಕಳಿಸುತ್ತಾರೆ

ಮೇಲ್‌ಬಾಕ್ಸ್‌ಗಳ ಪಟ್ಟಿ ಹಳೇ ಕಂಟ್ರೋಲ್ ಪ್ಯಾನೆಲ್‌ನಲ್ಲೇ ಸಿಗುತ್ತದೆ. ಅದರ ಪಕ್ಕದಲ್ಲಿರುವ ಏಲಿಯಾಸ್ ಮತ್ತು ಫಾರ್ವರ್ಡ್‌ಗಳನ್ನೂ ಬರೆದುಕೊಳ್ಳಿ. ‘ಇನ್ಫೋ’, ‘ಸೇಲ್ಸ್’ ಅಂತ ಇರುವ ವಿಳಾಸಗಳ ಹಿಂದೆ ಎಷ್ಟೋ ಸಲ ಮೇಲ್‌ಬಾಕ್ಸೇ ಇರುವುದಿಲ್ಲ, ಅವು ಇನ್ನೊಬ್ಬರಿಗೆ ದಾಟಿಸುವ ವಿಳಾಸಗಳು ಮಾತ್ರ.

ಕಷ್ಟವಿರುವುದು ಎರಡನೇ ಪಟ್ಟಿಯಲ್ಲಿ: ಮನುಷ್ಯರಲ್ಲದೆ ಬೇರೆ ಏನೇನು ನಿಮ್ಮ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಆದಮೇಲಿನ ಭಾಗ) ಹೆಸರಲ್ಲಿ ಮೇಲ್ ಕಳಿಸುತ್ತದೆ? ವೆಬ್‌ಸೈಟಿನ ಕಾಂಟ್ಯಾಕ್ಟ್ ಫಾರ್ಮ್, ಬಿಲ್ ಕಳಿಸುವ ಸಾಫ್ಟ್‌ವೇರ್, ಸಂಬಳದ ಸ್ಲಿಪ್ ಕಳಿಸುವುದು, ಹಾಜರಾತಿ ಯಂತ್ರ, ಕ್ಯಾಮೆರಾ ರೆಕಾರ್ಡರ್, ಬ್ಯಾಕಪ್ ಮುಗಿದಾಗ ರಾತ್ರಿ ಎರಡಕ್ಕೆ ವರದಿ ಕಳಿಸುವ ಯಾವುದೋ ಸ್ಕ್ರಿಪ್ಟ್. ಆಫೀಸಿನವರನ್ನು ಕೇಳಿದರೆ ಅರ್ಧ ಸಿಗುತ್ತದೆ. ಉಳಿದರ್ಧಕ್ಕೆ ನಾನು ಡಿಮಾರ್ಕ್ ಹಾಕಿಸುತ್ತೇನೆ.

ನಿಮ್ಮ ಡೊಮೇನ್‌ನ ವೆಬ್‌ಸೈಟ್, ಮೇಲ್ ಎಲ್ಲೆಲ್ಲಿವೆ ಎಂದು ಜಗತ್ತಿಗೆ ಹೇಳುವ ದಾಖಲೆಪಟ್ಟಿ ಡಿಎನ್‌ಎಸ್. ಡಿಮಾರ್ಕ್ ಅಂದರೆ ಅದರಲ್ಲಿ ಹಾಕುವ ಒಂದು ಟೆಕ್ಸ್ಟ್ ರೆಕಾರ್ಡ್. ನಿಮ್ಮ ಹೆಸರಿನ ಮೇಲ್ ಅಸಲಿಯೇ ಎಂಬ ಪರೀಕ್ಷೆಯಲ್ಲಿ ಸೋತರೆ ಏನು ಮಾಡಬೇಕು ಎಂಬುದನ್ನು ಅದು ಪಡೆಯುವವರಿಗೆ ಹೇಳುತ್ತದೆ. ಪಾಲಿಸಿಯನ್ನು ‘ನನ್’ (none, ಅಂದರೆ ಏನೂ ಮಾಡಬೇಡಿ) ಎಂದಿಟ್ಟರೆ ಯಾವ ಮೇಲೂ ತಡೆಯಲ್ಪಡುವುದಿಲ್ಲ. ಆದರೆ ದೊಡ್ಡ ಮೇಲ್ ಸಂಸ್ಥೆಗಳು, ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಯಾವ ಐಪಿಯಿಂದ (ಕಳಿಸಿದ ಕಡೆಯ ಸಂಖ್ಯಾ ವಿಳಾಸ) ಎಷ್ಟು ಮೇಲ್ ಬಂತು ಎಂಬ ಲೆಕ್ಕವನ್ನು ನೀವು ಕೊಟ್ಟ ವಿಳಾಸಕ್ಕೆ ಕಳಿಸತೊಡಗುತ್ತವೆ. ಮೂರು ವಾರ ಇದನ್ನು ಓಡಿಸಿ. ತಿಂಗಳ ಕೊನೆ ಆ ಮೂರು ವಾರದೊಳಗೆ ಬೀಳುವಂತೆ ನೋಡಿಕೊಳ್ಳಿ, ಯಾಕೆಂದರೆ ಸಂಬಳದ ಸ್ಲಿಪ್ ಕಳಿಸುವ ಸಾಫ್ಟ್‌ವೇರ್ ತಿಂಗಳಿಗೊಂದು ದಿನ ಮಾತ್ರ ಬಾಯಿ ಬಿಡುತ್ತದೆ. ವರದಿಗಳು ಎಕ್ಸ್‌ಎಂಎಲ್ ಫೈಲ್‌ಗಳಾಗಿ ಬರುತ್ತವೆ, ಓದಲು ಬೇಸರ. ಐಪಿ ಕಾಲಂ ಒಂದನ್ನೇ ನೋಡಿದರೂ ಸಾಕು. ಗುರುತು ಸಿಗದ ಐಪಿ ಕಂಡರೆ ಅದರ ಹಿಂದೆ ಬೀಳಿ.

ಇದೇ ಹೊತ್ತಿಗೆ ಇನ್ನೊಂದು ಪ್ರಶ್ನೆ: ಯಾರಾದರೂ ಪಾಪ್ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಒಂದು ವಿಧಾನ) ಬಳಸುತ್ತಾರಾ? ಪಾಪ್‌ನಲ್ಲಿ ಮೇಲ್ ಕಂಪ್ಯೂಟರಿಗೆ ಇಳಿದ ಮೇಲೆ ಸರ್ವರ್‌ನಿಂದ ಅಳಿಸಿಹೋಗುವಂತೆ ಇಟ್ಟಿರುವುದುಂಟು. ಹಳೇ ಸರ್ವರ್‌ನಲ್ಲಿ 12 ಮೇಲ್ ಇರುವ ಅಕೌಂಟೆಂಟ್ ಒಬ್ಬರನ್ನು ನೋಡಿದ್ದೇನೆ. ಅವರ ಒಂಬತ್ತು ವರ್ಷದ ಪತ್ರವ್ಯವಹಾರ ಮೇಜಿನ ಕೆಳಗಿನ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿತ್ತು. ಇಂಥವರ ಮೇಲ್ ಅನ್ನು ಅವರ ಕಂಪ್ಯೂಟರಿನಿಂದಲೇ ಹೊಸ ಸರ್ವರ್‌ಗೆ ಏರಿಸಬೇಕು. ಅದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ.

ಡೊಮೇನ್ ಬೀಗದ ಕೈ

ಡಿಎನ್‌ಎಸ್ ಬದಲಿಸುವ ಲಾಗಿನ್ ನಿಮ್ಮ ಕೈಯಲ್ಲಿದೆಯೇ ಅಂತ ಮೊದಲೇ ಒಳಹೋಗಿ ನೋಡಿ. “ಇದೆ ಸರ್” ಅನ್ನುವ ಮಾತನ್ನು ನಾನು ಈಗ ನಂಬುವುದಿಲ್ಲ, ಸ್ಕ್ರೀನ್ ತೋರಿಸಿ ಅನ್ನುತ್ತೇನೆ. ಒಳಹೋದ ಮೇಲೆ ಆ ಅಕೌಂಟಿಗೆ ಯಾವ ಇಮೇಲ್ ಕೊಟ್ಟಿದೆ ನೋಡಿ. ಅದು ಇದೇ ಡೊಮೇನ್‌ನ ವಿಳಾಸವಾಗಿದ್ದರೆ, ಮೇಲ್ ನಿಂತ ದಿನ ಅದನ್ನು ಸರಿಮಾಡಲು ಬೇಕಾದ ಓಟಿಪಿ ಆ ನಿಂತ ಮೇಲ್‌ಗೇ ಬರುತ್ತದೆ. ಬೀಗ ಹಾಕಿ ಕೈಯನ್ನು ಒಳಗೇ ಬಿಟ್ಟ ಹಾಗೆ. ಹೊರಗಿನ ಒಂದು ವಿಳಾಸಕ್ಕೆ ಬದಲಿಸಿಡಿ.

ನೇಮ್‌ಸರ್ವರ್, ಅಂದರೆ ನಿಮ್ಮ ಇಡೀ ಡಿಎನ್‌ಎಸ್ ಪಟ್ಟಿಯನ್ನು ಇಟ್ಟುಕೊಂಡಿರುವ ಸರ್ವರ್, ಅದನ್ನು ಮುಟ್ಟಬೇಡಿ. ಮೇಲ್ ಸಾಗಿಸಲು ಎಂಎಕ್ಸ್ (ಬರುವ ಮೇಲ್‌ಗೆ ದಾರಿ ತೋರುವ ರೆಕಾರ್ಡ್) ಮತ್ತು ಕೆಲವು ಟೆಕ್ಸ್ಟ್ ರೆಕಾರ್ಡ್ ಬದಲಿಸಿದರೆ ಸಾಕು. ನೇಮ್‌ಸರ್ವರನ್ನೇ ಬದಲಿಸಿದವರು ಮೇಲ್ ಜೊತೆಗೆ ವೆಬ್‌ಸೈಟನ್ನೂ ಕಳೆದುಕೊಂಡು ನಮಗೆ ಫೋನ್ ಮಾಡುತ್ತಾರೆ.

ಪ್ರತಿ ರೆಕಾರ್ಡ್‌ಗೂ ಟಿಟಿಎಲ್ ಎಂಬ ಆಯಸ್ಸಿದೆ, ಸೆಕೆಂಡುಗಳ ಲೆಕ್ಕದಲ್ಲಿ. 86400 ಅಂದರೆ ಒಂದು ದಿನ: ಒಮ್ಮೆ ಓದಿಕೊಂಡವರು ಒಂದು ದಿನ ಮತ್ತೆ ಬಂದು ಕೇಳದೆ ಹಳೆಯದನ್ನೇ ಬಳಸಬಹುದು. ಸಾಗಿಸುವ ಎರಡು ದಿನ ಮೊದಲೇ ಎಂಎಕ್ಸ್‌ನ ಟಿಟಿಎಲ್ ಅನ್ನು 300ಕ್ಕೆ ಇಳಿಸಿ. ಅದೇ ದಿನ ಇಳಿಸಿದರೆ ಪ್ರಯೋಜನವಿಲ್ಲ, ಹಳೇ 86400 ಆಗಲೇ ಎಲ್ಲರ ಜೇಬಿನಲ್ಲಿರುತ್ತದೆ. ‘ಹೊಸ ರೆಕಾರ್ಡ್ ಜಗತ್ತೆಲ್ಲ ಹರಡಲು 48 ಗಂಟೆ ಬೇಕು’ ಎಂಬ ಸಿದ್ಧ ಉತ್ತರ ಸಪೋರ್ಟ್‌ನವರ ಬಾಯಲ್ಲಿ ಸದಾ ಇರುತ್ತದೆ. ನಾನೂ ಹೇಳಿದ್ದೇನೆ, ಸುಸ್ತಾದ ದಿನಗಳಲ್ಲಿ. ನಿಜವಾಗಿ ಏನೂ ಎಲ್ಲಿಗೂ ಹರಡುವುದಿಲ್ಲ, ಹಳೆಯದರ ಅವಧಿ ಮುಗಿಯುತ್ತದೆ, ಅಷ್ಟೇ.

ಮೇಲ್ ನಕಲು

ಹೊಸ ಕಡೆ ಎಲ್ಲ ಮೇಲ್‌ಬಾಕ್ಸ್ ಮತ್ತು ಏಲಿಯಾಸ್ ತೆರೆದ ಮೇಲೆ ನಕಲು ಶುರು. ನಾವು ಐಮ್ಯಾಪ್‌ಸಿಂಕ್ ಬಳಸುತ್ತೇವೆ. ಎರಡೂ ಸರ್ವರ್‌ಗೆ ಐಮ್ಯಾಪ್ (ಮೇಲನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನ) ಮೂಲಕ ಲಾಗಿನ್ ಆಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೇಲ್ ತರುವ ಸಾಧನ ಅದು. ಮತ್ತೆ ಓಡಿಸಿದರೆ ಆಗಲೇ ಬಂದದ್ದನ್ನು ಬಿಟ್ಟು ಹೊಸದನ್ನು ಮಾತ್ರ ತರುತ್ತದೆ. ಹಾಗಾಗಿ ಭಾರೀ ನಕಲನ್ನು ಎಂಎಕ್ಸ್ ಬದಲಿಸುವ ಮೊದಲೇ, ವಾರವಿಡೀ ನಿಧಾನವಾಗಿ ಮುಗಿಸಿಕೊಳ್ಳಿ. ಬದಲಿಸಿದ ಮೇಲೆ ಇನ್ನೊಂದು ಸುತ್ತು ಓಡಿಸಿದರೆ ನಡುವೆ ಬಂದವು ಸಿಕ್ಕಿಬಿಡುತ್ತವೆ.

ಜಾಗದ ಲೆಕ್ಕ ಹಾಕುವಾಗ ಒಂದು ಮಾತು. ಅಟ್ಯಾಚ್‌ಮೆಂಟ್‌ಗಳು ಮೇಲ್‌ನಲ್ಲಿ ಬೇಸ್64 ರೂಪದಲ್ಲಿ ಹೋಗುತ್ತವೆ, ಮೂರು ಬೈಟ್ ನಾಲ್ಕಾಗುತ್ತದೆ. 18 ಎಂಬಿ ಫೈಲ್ ಮೇಲ್‌ನಲ್ಲಿ 24 ಎಂಬಿ ದಾಟುತ್ತದೆ. ಹೊಸ ಸರ್ವರ್‌ನ ಮಿತಿ ಹಳೆಯದಕ್ಕಿಂತ ಕಡಿಮೆಯಿದ್ದರೆ ದೊಡ್ಡ ಮೇಲ್‌ಗಳು ಗದ್ದಲವಿಲ್ಲದೆ ಹಿಂದುಳಿಯುತ್ತವೆ. ಲಾಗ್‌ನ ಕೊನೆಯಲ್ಲಿ ಎಷ್ಟು ಬಿಟ್ಟುಹೋಯಿತು ಎಂಬ ಅಂಕಿ ಇರುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ.

ಫೋಲ್ಡರ್ ಹೆಸರುಗಳೂ ಕಾಡುತ್ತವೆ. ಒಂದು ಕಡೆ ‘ಸೆಂಟ್’, ಇನ್ನೊಂದು ಕಡೆ ‘ಸೆಂಟ್ ಐಟಮ್ಸ್’. ಹೊಂದಿಸದಿದ್ದರೆ ಕಳಿಸಿದ ಮೇಲ್‌ಗೆ ಎರಡು ಫೋಲ್ಡರ್ ಆಗಿ, “ನಾನು ಕಳಿಸಿದ್ದೆಲ್ಲ ಮಾಯ” ಎಂಬ ದೂರು ಬರುತ್ತದೆ. ಕಾಂಟ್ಯಾಕ್ಟ್‌ಗಳು, ಕ್ಯಾಲೆಂಡರ್, ಫಿಲ್ಟರ್, ಸಹಿ ಇವು ಐಮ್ಯಾಪ್‌ನಲ್ಲಿ ಬರುವುದೇ ಇಲ್ಲ, ಬೇರೆಯಾಗಿ ತೆಗೆದು ಹಾಕಬೇಕು.

ಎಸ್‌ಪಿಎಫ್, ಡಿಕಿಮ್

ನಿಮ್ಮ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂದು ಹೇಳುವುದು ಎಸ್‌ಪಿಎಫ್. ಹೊಸ ಸಂಸ್ಥೆಯವರು ಕೊಟ್ಟ ಸಾಲನ್ನು ಇದ್ದ ಸಾಲಿನ ಕೆಳಗೆ ಅಂಟಿಸುವುದೇ ಸಾಮಾನ್ಯ ತಪ್ಪು. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ರೆಕಾರ್ಡ್ ಇರಬೇಕು, ಎರಡಿದ್ದರೆ ಎರಡೂ ಕೆಡುತ್ತವೆ. ಹಳೆಯ ಸರ್ವರ್, ಹೊಸ ಸರ್ವರ್, ನಿಮ್ಮ ಪಟ್ಟಿಯಲ್ಲಿ ಸಿಕ್ಕ ಬಿಲ್ಲಿಂಗ್ ಸೇವೆ ಎಲ್ಲವೂ ಆ ಒಂದೇ ಸಾಲಿನಲ್ಲಿ ಸೇರಬೇಕು. ಅದನ್ನು ಪರೀಕ್ಷಿಸುವಾಗ ನಡೆಯುವ ಡಿಎನ್‌ಎಸ್ ಹುಡುಕಾಟಗಳು 10 ಮೀರಬಾರದು ಎಂಬ ನಿಯಮವೂ ಇದೆ. ಎಂದೋ ಬಿಟ್ಟ ಸೇವೆಗಳನ್ನು ಅಳಿಸಲು ಇದೇ ಸಮಯ.

ಡಿಕಿಮ್ ಪ್ರತಿ ಮೇಲ್‌ಗೂ ಹಾಕುವ ಡಿಜಿಟಲ್ ಸಹಿ. ಅದರ ಸಾರ್ವಜನಿಕ ಕೀ ಡಿಎನ್‌ಎಸ್‌ನಲ್ಲಿರುತ್ತದೆ. 2048 ಬಿಟ್ ಕೀ ಒಂದು ಟೆಕ್ಸ್ಟ್ ತುಂಡಿನ 255 ಅಕ್ಷರಗಳ ಮಿತಿಯಲ್ಲಿ ಹಿಡಿಸುವುದಿಲ್ಲ. ಕೆಲವು ಪ್ಯಾನೆಲ್ ತಾನೇ ತುಂಡು ಮಾಡುತ್ತದೆ, ಕೆಲವು ಹೇಳದೆ ಕೇಳದೆ ಬಾಲ ಕತ್ತರಿಸಿಬಿಡುತ್ತದೆ. ಹಾಕಿದ ಮೇಲೆ ಹೊರಗಿನಿಂದ ಓದಿ ಕೊನೆಯ ಅಕ್ಷರದವರೆಗೆ ಹೋಲಿಸಿ ನೋಡಿ.

ಇವೆರಡನ್ನು ಮುಂದೂಡುವ ಕಾಲ ಮುಗಿಯಿತು. 2024ರ ಫೆಬ್ರವರಿಯಿಂದ ಜಿಮೇಲ್, ತನ್ನ ಬಳಕೆದಾರರಿಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಲೇಬೇಕು ಎಂದಿದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ ಕೂಡ. ಯಾಹೂ ಕೂಡ ಅದೇ ಹೊತ್ತಿಗೆ ಇಂಥದೇ ನಿಯಮ ತಂದಿತು.

ಎಂಎಕ್ಸ್ ಬದಲಿಸುವ ದಿನ

ನಿಮ್ಮ ಡೊಮೇನ್‌ಗೆ ಬರುವ ಮೇಲನ್ನು ಯಾವ ಸರ್ವರ್‌ಗೆ ಒಯ್ಯಬೇಕು ಎಂದು ಹೇಳುವ ರೆಕಾರ್ಡ್ ಎಂಎಕ್ಸ್. ಪಕ್ಕದ ಸಂಖ್ಯೆ ಕಡಿಮೆಯಿದ್ದಷ್ಟೂ ಆದ್ಯತೆ ಹೆಚ್ಚು, 10 ಇರುವುದನ್ನು ಕೇಳಿದ ಮೇಲೆ 20. ಹಳೆಯದನ್ನು ‘ಇರಲಿ ಬಿಡು’ ಅಂತ ಕೆಳಗೆ ಉಳಿಸಬೇಡಿ, ಮೇಲ್ ಎರಡೂ ಕಡೆ ಚೆದುರುತ್ತದೆ.

ನನ್ನ ಎರಡನೇ ತಪ್ಪು ಇಲ್ಲಿ ನಡೆಯಿತು. ಕೆಲವು ಕಡೆ ಸರ್ವರ್ ಹೆಸರಿನ ಕೊನೆಗೆ ಒಂದು ಚುಕ್ಕೆ ಇಡಬೇಕು. ಇಡದಿದ್ದರೆ ಆ ಹೆಸರಿನ ಹಿಂದೆ ನಿಮ್ಮ ಡೊಮೇನ್ ಹೆಸರು ತಾನಾಗಿ ಅಂಟಿಕೊಂಡು, ಜಗತ್ತಿನಲ್ಲಿ ಇಲ್ಲದ ಒಂದು ಸರ್ವರ್ ಹುಟ್ಟುತ್ತದೆ. ಚುಕ್ಕೆ ಮರೆತು ಮನೆಗೆ ಹೋಗಿದ್ದೆ. ಅದಕ್ಕೇ ಈಗ ಉಳಿಸಿದ ಮೇಲೆ ‘ಡಿಗ್’ ಆಜ್ಞೆಯಿಂದ ಹೊರಗಿನಿಂದ ಕೇಳಿ ನೋಡದೆ ಕುರ್ಚಿ ಬಿಟ್ಟು ಏಳುವುದಿಲ್ಲ. ಶುಕ್ರವಾರ ಸಂಜೆ ಈ ಕೆಲಸ ಹಿಡಿಯುವುದೂ ಇಲ್ಲ. ಬೇಕಾದವರೆಲ್ಲ ಫೋನಿಗೆ ಸಿಗುವ ಮಂಗಳವಾರ, ಬುಧವಾರ ಒಳ್ಳೆಯದು.

ಸಿಬ್ಬಂದಿಗೆ ಕಳಿಸುವ ಸೂಚನೆ ಆರು ಸಾಲು ಮೀರದಿರಲಿ: ಯಾವ ದಿನ, ಎಷ್ಟು ಗಂಟೆಗೆ, ಹೊಸ ಸರ್ವರ್ ಹೆಸರು, ಒಳಬರುವುದಕ್ಕೆ ಪೋರ್ಟ್ 993, ಹೊರಹೋಗುವುದಕ್ಕೆ 465 ಅಥವಾ 587, ತೊಂದರೆಯಾದರೆ ಯಾರಿಗೆ ಫೋನ್. ಅದನ್ನು ಮೇಲ್‌ನಲ್ಲಿ ಮಾತ್ರ ಕಳಿಸಿದರೆ, ಮೇಲ್ ತೆರೆಯದವರಿಗೆ ಅದು ತಲುಪುವುದಿಲ್ಲ. ಒಂದು ಪ್ರತಿ ಗೋಡೆಗೆ ಅಂಟಿಸಿ. ಹೊಸ ಪಾಸ್‌ವರ್ಡ್‌ಗಳನ್ನು ಮಾತ್ರ ಅಲ್ಲಿ ಬರೆಯಬೇಡಿ. ನಗಬೇಡಿ, ಬರೆದವರನ್ನು ನೋಡಿದ್ದೇನೆ.

ನಡುವೆ ಕೆಲವು ನಿಮಿಷ ಸರ್ವರ್ ಸಿಗದಿದ್ದರೆ ಮೇಲ್ ಕಳೆದುಹೋಗುತ್ತದೆಯೇ? ಇಲ್ಲ. ಕಳಿಸುವ ಸರ್ವರ್‌ಗಳು ತಕ್ಷಣ ಕೈಚೆಲ್ಲುವುದಿಲ್ಲ, ಸರದಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಸಾಮಾನ್ಯವಾಗಿ ಕನಿಷ್ಠ 4–5 ದಿನ ಹಾಗೆ ಮಾಡಬೇಕೆಂದು ಎಸ್‌ಎಂಟಿಪಿಯ (ಸರ್ವರ್‌ಗಳು ಮೇಲ್ ದಾಟಿಸುವ ಪದ್ಧತಿ) ನಿಯಮವೇ ಹೇಳುತ್ತದೆ. ಅಪಾಯ ಬೇರೆ: ಸರ್ವರ್ ಸಿಗುತ್ತದೆ, ಆದರೆ ಆ ಮೇಲ್‌ಬಾಕ್ಸ್ ಇನ್ನೂ ತೆರೆದಿಲ್ಲ. ಆಗ ‘ಅಂಥವರು ಇಲ್ಲಿಲ್ಲ’ ಎಂದು 550 ಉತ್ತರ ಹೋಗಿ ಮೇಲ್ ಅಲ್ಲಿಗೇ ವಾಪಸ್. ಮೇಲ್‌ಬಾಕ್ಸ್ ಮೊದಲು, ಎಂಎಕ್ಸ್ ಆಮೇಲೆ ಎನ್ನುವುದು ಇದಕ್ಕೇ.

ಹಳೇ ಸರ್ವರ್

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಹಳೇ ಅಕೌಂಟನ್ನು ಮರುದಿನವೇ ರದ್ದು ಮಾಡಬೇಡಿ, ಕೆಲವರು ಇನ್ನೂ ಆಚೆ ದಡದಲ್ಲೇ ಇರುತ್ತಾರೆ. ಕನಿಷ್ಠ ಒಂದು ತಿಂಗಳು ಇರಲಿ.

ಆದರೆ ಅದು ಇರುವಾಗಲೇ ಒಂದು ಕೆಲಸವಿದೆ, ಹೆಚ್ಚಿನವರು ಮರೆಯುವಂಥದ್ದು. ಹಳೇ ಸರ್ವರ್ ನಿಮ್ಮ ಡೊಮೇನ್ ಇನ್ನೂ ತನ್ನದೇ ಅಂದುಕೊಂಡಿರುತ್ತದೆ. ಅದೇ ಸರ್ವರ್‌ನಲ್ಲಿರುವ ಬೇರೆ ಗ್ರಾಹಕರು ನಿಮಗೆ ಮೇಲ್ ಕಳಿಸಿದರೆ ಅದು ಎಂಎಕ್ಸ್ ನೋಡುವುದೇ ಇಲ್ಲ, ಒಳಗೊಳಗೇ ಹಳೇ ಇನ್‌ಬಾಕ್ಸ್‌ಗೆ ಹಾಕಿಬಿಡುತ್ತದೆ. ನಿಮ್ಮ ವೆಬ್‌ಸೈಟ್ ಅಲ್ಲೇ ಇದ್ದರೆ ಕಾಂಟ್ಯಾಕ್ಟ್ ಫಾರ್ಮ್ ಮೂಲಕ ಬಂದ ವಿಚಾರಣೆಗಳದ್ದೂ ಅದೇ ಗತಿ. ಎಲ್ಲಿಂದ ಮೇಲ್ ಬಂದರೂ ಸಿಗುತ್ತಿತ್ತು, ಒಬ್ಬ ಗ್ರಾಹಕರದ್ದು ಮಾತ್ರ ಬರುವುದಿಲ್ಲ ಎಂದು ಮೂರು ವಾರ ತಲೆ ಕೆಡಿಸಿಕೊಂಡಿದ್ದ ಕಂಪನಿಯೊಂದರ ಟಿಕೆಟ್ ನನ್ನ ಬಳಿ ಬಂದಿತ್ತು. ಇಬ್ಬರೂ ಮೊದಲು ಒಂದೇ ಕಡೆ ಇದ್ದವರು. ಪ್ಯಾನೆಲ್‌ನಲ್ಲಿ ಮೇಲ್ ರೂಟಿಂಗ್ ಎಂಬ ಜಾಗದಲ್ಲಿ ‘ಲೋಕಲ್’ ಇದ್ದದ್ದನ್ನು ‘ರಿಮೋಟ್’ ಮಾಡಿಸಿದ್ದೇ ತಡ, ಸರಿಹೋಯಿತು. ಹಳೇ ಇನ್‌ಬಾಕ್ಸ್‌ನಲ್ಲಿ ಆ ಗ್ರಾಹಕರ ಎರಡು ಆರ್ಡರ್ ಕೊಳೆಯುತ್ತಾ ಬಿದ್ದಿದ್ದವು.

ತಿಂಗಳು ಮುಗಿದ ಮೇಲೆ ಹಳೇ ಇನ್‌ಬಾಕ್ಸ್‌ಗಳನ್ನು ಕೊನೆಯ ಸಲ ತೆರೆದು ನೋಡಿ. ಎಂಎಕ್ಸ್ ಬದಲಿಸಿದ ದಿನದಿಂದೀಚೆಗೆ ಏನಾದರೂ ಬಿದ್ದಿದ್ದರೆ, ಅದನ್ನು ಕಳಿಸಿದವರು ಯಾರು ಎಂದು ಹುಡುಕಿ. ಡಿಮಾರ್ಕ್ ವರದಿಯಲ್ಲಿ ಹಳೇ ಸರ್ವರ್‌ನ ಐಪಿ ಇನ್ನೂ ಕಾಣುತ್ತಿದ್ದರೆ ಯಾವುದೋ ಯಂತ್ರ ಇನ್ನೂ ಅಲ್ಲಿಂದಲೇ ಕಳಿಸುತ್ತಿದೆ ಎಂದು ಅರ್ಥ. ಅದು ಸಿಗುವವರೆಗೆ ಅಕೌಂಟ್ ಮುಚ್ಚಬೇಡಿ. ಎರಡೂ ಖಾಲಿಯಾದ ಮೇಲೆ ಎಸ್‌ಪಿಎಫ್ ಸಾಲಿನಿಂದ ಹಳೇ ಸರ್ವರ್ ತೆಗೆದು, ಟಿಟಿಎಲ್ ಅನ್ನು 3600ಕ್ಕೆ ಏರಿಸಿ, ಹಳೇ ಅಕೌಂಟ್ ರದ್ದು ಮಾಡಿ. ಪ್ರಿಂಟರ್‌ನ ಹೊಸ ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದ್ದೀರಿ ಎಂದು ಇನ್ನೊಬ್ಬರಿಗೂ ತಿಳಿಸಿಡಿ.