ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಹಕ್ಕುಗಳು: ಎರಡು ಸಂವಿಧಾನಗಳ ನಡುವೆ

ಇಲ್ಲಿಗೆ ಬಂದ ಹೊಸತರಲ್ಲಿ ಅಂಗಡಿ ಸಂಕೀರ್ಣದ ನಡುವಿನ ಅಂಗಳ ದಾಟುವಾಗಲೆಲ್ಲ ಯಾರಾದರೊಬ್ಬರು ಎದುರಾಗುತ್ತಿದ್ದರು. ಮಡಿಸುವ ಮೇಜು, ಗಾಳಿಗೆ ಹಾರದಂತೆ ರಬ್ಬರ್ ಬ್ಯಾಂಡ್ ಸುತ್ತಿದ ಅರ್ಜಿಯ ಹಾಳೆಗಳು, ದಾರ ಕಟ್ಟಿದ ಪೆನ್ನು. "ಒಂದು ಸಹಿ ಹಾಕುತ್ತೀರಾ?" ಖಾಸಗಿಯವರ ಜಾಗದಲ್ಲಿ ಮೇಜು ಹಾಕಿಕೊಂಡವರನ್ನು ಕಾವಲುಗಾರ ಏಕೆ ಎಬ್ಬಿಸುವುದಿಲ್ಲ ಎಂಬುದು ನನಗೆ ಸೋಜಿಗವಾಗಿತ್ತು. ಅಮೆರಿಕದ ಸಂವಿಧಾನದಲ್ಲಿ ಹುಡುಕಿದರೆ ಇದಕ್ಕೆ ಉತ್ತರ ಸಿಗದು. ಕ್ಯಾಲಿಫೋರ್ನಿಯಾಕ್ಕೆ ತನ್ನದೇ ಆದ ಇನ್ನೊಂದು ಸಂವಿಧಾನವಿದೆ. ಉತ್ತರ ಇರುವುದು ಅದರಲ್ಲಿ.

ಕರ್ನಾಟಕದಿಂದ ಬಂದವರಿಗೆ ಇದು ಸುಲಭಕ್ಕೆ ತಲೆಗೆ ಹತ್ತುವ ವಿಷಯವಲ್ಲ. ನಮ್ಮ ರಾಜ್ಯಕ್ಕೆ ಪ್ರತ್ಯೇಕ ಸಂವಿಧಾನವಿಲ್ಲ. ಭಾರತದಲ್ಲಿ ಹಾಗೊಂದನ್ನು ಹೊಂದಿದ್ದದ್ದು ಜಮ್ಮು ಮತ್ತು ಕಾಶ್ಮೀರ ಮಾತ್ರ, ಅದೂ 2019ರವರೆಗೆ. ಅಮೆರಿಕದಲ್ಲಿ 50 ರಾಜ್ಯಗಳಿಗೂ ಒಂದೊಂದು ಸಂವಿಧಾನ, ಒಂದೊಂದರಲ್ಲೂ ಹಕ್ಕುಗಳ ಪಟ್ಟಿ. ರಾಜ್ಯವು ಒಕ್ಕೂಟ ಸಂವಿಧಾನಕ್ಕಿಂತ ಹೆಚ್ಚಿನ ಹಕ್ಕು ಕೊಡಬಹುದು, ಅದು ಕೊಟ್ಟದ್ದನ್ನು ಕಿತ್ತುಕೊಳ್ಳುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಇಲ್ಲಿ ದೇವರು ಕೊಡದ ವರವನ್ನು ಪೂಜಾರಿ ಕೊಡುವುದುಂಟು. ಕ್ಯಾಲಿಫೋರ್ನಿಯಾ ಸಂವಿಧಾನದ ಮೊದಲ ವಿಧಿಯ 24ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ: ಇಲ್ಲಿನ ಹಕ್ಕುಗಳು ಅಮೆರಿಕದ ಸಂವಿಧಾನ ಕೊಡುವ ಹಕ್ಕುಗಳನ್ನು ಅವಲಂಬಿಸಿಲ್ಲ.

ಮೇಜಿನ ಕಥೆ ಶುರುವಾದದ್ದು ಸ್ಯಾನ್ ಹೋಸೆಗೆ ಅಂಟಿಕೊಂಡಿರುವ ಕ್ಯಾಂಬೆಲ್ ಊರಿನಲ್ಲಿ. ಬೇ ಏರಿಯಾದ ಕನ್ನಡಿಗರಲ್ಲಿ ಅನೇಕರು ಅಲ್ಲಿನ ಪ್ರೂನ್‌ಯಾರ್ಡ್ ಅಂಗಡಿ ಸಂಕೀರ್ಣದಲ್ಲಿ ಕಾಫಿ ಕುಡಿದಿರಬಹುದು. 1970ರ ದಶಕದಲ್ಲಿ ಕೆಲವು ಹೈಸ್ಕೂಲ್ ವಿದ್ಯಾರ್ಥಿಗಳು ಅದರ ಅಂಗಳದ ಮೂಲೆಯಲ್ಲಿ ಮೇಜು ಹಾಕಿ, ವಿಶ್ವಸಂಸ್ಥೆಯ ಒಂದು ನಿರ್ಣಯದ ವಿರುದ್ಧ ಸಹಿ ಸಂಗ್ರಹಿಸತೊಡಗಿದರು. ಕಾವಲುಗಾರ ಬಂದು ಹೊರಡಿ ಎಂದ. ಹುಡುಗರು ಗಲಾಟೆ ಮಾಡದೆ ಹೊರಟರು, ಆದರೆ ಮೊಕದ್ದಮೆ ಹೂಡಿದರು. ವಾಕ್ ಸ್ವಾತಂತ್ರ್ಯವನ್ನು ಕಾಯುವ ಒಕ್ಕೂಟ ಸಂವಿಧಾನದ ಮೊದಲನೆಯ ತಿದ್ದುಪಡಿ ಸರ್ಕಾರದ ಕೈಯನ್ನು ಮಾತ್ರ ಕಟ್ಟುತ್ತದೆ, ಖಾಸಗಿ ಮಾಲ್‌ನ ಮಾಲೀಕನದ್ದನ್ನಲ್ಲ ಎಂಬುದು ಅಷ್ಟರಲ್ಲಿ ಇತ್ಯರ್ಥವಾಗಿತ್ತು. ಹಾಗಿದ್ದೂ 1979ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ರಾಜ್ಯ ಸಂವಿಧಾನದ ವಾಕ್ ಸ್ವಾತಂತ್ರ್ಯದ ಸೆಕ್ಷನ್ ಹಿಡಿದು ಹುಡುಗರ ಪರ ನಿಂತಿತು. ಮಾಲೀಕರು ವಾಷಿಂಗ್ಟನ್‌ವರೆಗೂ ಹೋದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹೆಚ್ಚಿನ ಹಕ್ಕು ಕೊಡಲು ರಾಜ್ಯ ಸ್ವತಂತ್ರ ಎಂದಿತು.

ನಿಮ್ಮ ಕನ್ನಡ ಕೂಟ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಕರಪತ್ರ ಹಂಚಬೇಕೆಂದರೆ ಈ ತೀರ್ಪು ನೆನಪಿರಲಿ. ಸಮಯ, ಜಾಗ, ರೀತಿಯ ಬಗ್ಗೆ ಮಾಲೀಕರು ನ್ಯಾಯವಾದ ನಿಯಮ ಹಾಕಬಹುದು. ಅಂಗಡಿಯೊಂದರ ಬಾಗಿಲೆದುರಿನ ಕಾಲುದಾರಿಗೆ ಈ ಹಕ್ಕು ಇಲ್ಲ ಎಂದು 2012ರ ತೀರ್ಪೊಂದು ಹೇಳಿದೆ. ಜನ ಕೂತು ಹರಟುವ ಅಂಗಳ ಬೇರೆ, ಬಾಗಿಲು ಬೇರೆ.

ಖಾಸಗಿತನದ ಮಾತು ಇನ್ನೂ ಸ್ವಾರಸ್ಯದ್ದು. ಅಮೆರಿಕದ ಸಂವಿಧಾನದಲ್ಲಿ ಆ ಪದವೇ ಇಲ್ಲ. ನಮ್ಮ ಸಂವಿಧಾನದಲ್ಲೂ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ಮೂಲಭೂತ ಹಕ್ಕು ಎಂದು ಸಾರಿತು. ಕ್ಯಾಲಿಫೋರ್ನಿಯಾದ ಮತದಾರರು 1972ರಲ್ಲೇ ಆ ಪದವನ್ನು ತಮ್ಮ ಸಂವಿಧಾನದ ಮೊಟ್ಟಮೊದಲ ಸೆಕ್ಷನ್ನಿಗೆ ಸೇರಿಸಿದ್ದರು. ಈ ಹಕ್ಕು ಸರ್ಕಾರದ ವಿರುದ್ಧ ಮಾತ್ರವಲ್ಲ, ಖಾಸಗಿ ಸಂಸ್ಥೆಗಳ ವಿರುದ್ಧವೂ ನಡೆಯುತ್ತದೆ ಎಂದು 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಮೂತ್ರ ಪರೀಕ್ಷೆಯನ್ನು ವಿರೋಧಿಸಿ ಬಂದಿದ್ದ ಕಾಲೇಜು ಕ್ರೀಡಾಪಟುಗಳು ಮಾತ್ರ ಅದೇ ಪ್ರಕರಣದಲ್ಲಿ ಸೋತರು. ಹಕ್ಕು ಇದೆ ಎನ್ನುವುದು ಒಂದು, ಗೆಲ್ಲುವುದು ಇನ್ನೊಂದು.

ಮಕ್ಕಳ ಶಾಲೆಯ ವಿಷಯದಲ್ಲೂ ವ್ಯತ್ಯಾಸವಿದೆ. ಶಿಕ್ಷಣವು ಒಕ್ಕೂಟ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂದು 1973ರಲ್ಲಿ 5-4 ಬಹುಮತದಿಂದ ತೀರ್ಮಾನವಾಯಿತು. ಕ್ಯಾಲಿಫೋರ್ನಿಯಾದ ನ್ಯಾಯಾಲಯ ತನ್ನ ಸಂವಿಧಾನದ ಪ್ರಕಾರ ಅದು ಮೂಲಭೂತವೇ ಎಂದಿದೆ.

ಇಷ್ಟು ಕೇಳಿ ರಾಜ್ಯ ಸಂವಿಧಾನವೆಂದರೆ ಕಾಮಧೇನು ಎಂದುಕೊಳ್ಳಬೇಡಿ. 1879ರಲ್ಲಿ ಇದನ್ನು ಬರೆದಾಗ, ಯಾವ ಕಂಪನಿಯೂ ಚೀನೀಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ವಿಧಿಯೇ ಇದರಲ್ಲಿತ್ತು. ಮರುವರ್ಷವೇ ಒಕ್ಕೂಟದ ನ್ಯಾಯಾಲಯ ಅದು ನಡೆಯದೆಂದಿತು; ಅಕ್ಷರಗಳು ಪುಟದಿಂದ ಅಳಿದದ್ದು ಮಾತ್ರ 1952ರಲ್ಲಿ. ಏಷ್ಯಾದಿಂದ ಬಂದ ನಮ್ಮಂಥವರು ಇದನ್ನು ಮರೆಯದಿರುವುದು ಲೇಸು.

ಇನ್ನೊಂದು ಬಿಕ್ಕಟ್ಟು, ಇದನ್ನು ತಿದ್ದುವುದು ಬಹಳ ಸಲೀಸು. ಒಕ್ಕೂಟ ಸಂವಿಧಾನಕ್ಕೆ ಈವರೆಗೆ 27 ತಿದ್ದುಪಡಿಗಳಾಗಿವೆ, ಇದಕ್ಕೆ 500ಕ್ಕೂ ಹೆಚ್ಚು. ಒಂದು ಉದಾಹರಣೆ: ಒಕ್ಕೂಟದ ಸಂವಿಧಾನ ಕ್ರೂರ "ಮತ್ತು" ಅಸಾಮಾನ್ಯ ಶಿಕ್ಷೆಯನ್ನು ನಿಷೇಧಿಸುತ್ತದೆ, ರಾಜ್ಯದ್ದು ಕ್ರೂರ "ಅಥವಾ" ಅಸಾಮಾನ್ಯ ಶಿಕ್ಷೆಯನ್ನು. ಎರಡರಲ್ಲಿ ಒಂದಾದರೂ ಸಾಕು ಎಂದು 1972ರ ಫೆಬ್ರುವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮರಣದಂಡನೆಯನ್ನೇ ರದ್ದುಮಾಡಿತು. ಖಾಸಗಿತನವನ್ನು ಸೇರಿಸಿದ ಅದೇ ನವೆಂಬರ್ ಚುನಾವಣೆಯಲ್ಲಿ ಮತದಾರರು ಸಂವಿಧಾನ ತಿದ್ದಿ ಆ ತೀರ್ಪನ್ನು ಮಗುಚಿದರು! ರಾಜ್ಯಪಾಲರ ಕಳೆದ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 8ರಷ್ಟು ಸಹಿ ಸಿಕ್ಕರೆ ತಿದ್ದುಪಡಿ ಮತಕ್ಕೆ ಬರುತ್ತದೆ, ಸರಳ ಬಹುಮತಕ್ಕೆ ಪಾಸಾಗುತ್ತದೆ. ಅಂಗಳದ ಮೇಜಿನ ಮೇಲೆ ಅಂಥದ್ದೇ ಒಂದು ಅರ್ಜಿ ಇದ್ದೀತು.

ವೀಸಾದಲ್ಲಿರುವವರಿಗೆ ಕಡೆಯದಾಗಿ ಒಂದು ಎಚ್ಚರಿಕೆ. ವಲಸೆ ಪೂರ್ತಿಯಾಗಿ ಒಕ್ಕೂಟದ ವ್ಯವಹಾರ. ಎಚ್-1ಬಿ ಆಗಲಿ ಗ್ರೀನ್ ಕಾರ್ಡ್ ಆಗಲಿ ರಾಜ್ಯ ಸಂವಿಧಾನ ಕಾಯಲಾರದು. ಗಾಂಜಾವನ್ನೇ ನೋಡಿ: ವಯಸ್ಕರ ಬಳಕೆಗೆ ರಾಜ್ಯದ ಮತದಾರರು 2016ರಲ್ಲಿ ಒಪ್ಪಿಗೆ ಕೊಟ್ಟರು, ಆದರೆ ವಲಸೆ ಅಧಿಕಾರಿ ನೋಡುವುದು ಒಕ್ಕೂಟದ ಕಾನೂನನ್ನು. ಮೇಜಿನ ಮುಂದೆ ನಿಂತಾಗಲೂ ಅಷ್ಟೇ. ಆ ಅರ್ಜಿಗೆ ಸಹಿ ಹಾಕಬಹುದಾದವರು ನೋಂದಾಯಿತ ಮತದಾರರು ಮಾತ್ರ, ಮತದಾರರಾಗಲು ಪೌರತ್ವ ಬೇಕು. ಒತ್ತಾಯಕ್ಕೆ ಮಣಿದು ಸಹಿ ಹಾಕಬೇಡಿ. ಮತದಾರರ ನೋಂದಣಿಯ ನಮೂನೆ ಮುಂದೆ ಚಾಚಿದರೆ ಅದನ್ನಂತೂ ಮುಟ್ಟಲೇಬೇಡಿ. ಪೌರರಲ್ಲದವರು ಪೌರರೆಂದು ಬರೆದುಕೊಟ್ಟರೆ ಗ್ರೀನ್ ಕಾರ್ಡಿನ ದಾರಿಯೇ ಮುಚ್ಚಿಹೋಗಬಹುದು. "ನಾನು ಮತದಾರನಲ್ಲ" ಎಂದರೆ ಸಾಕು. ಮೇಜಿನ ಹಿಂದಿದ್ದವರು ನಕ್ಕು, ನಿಮ್ಮ ಹಿಂದೆ ಬರುತ್ತಿರುವವರ ಕಡೆ ತಿರುಗುತ್ತಾರೆ.